ಕಾರಿನ ನೆಲದೆತ್ತರ: ಜೊಯಿಡಾ ರಸ್ತೆಗಳ ದೃಷ್ಟಿಯಿಂದ ಒಂದು ವಿವೇಚನೆ

ಕಾರವಾರದಿಂದ ಕದ್ರಾ, ಅಣಶಿ, ಕುಂಬಾರವಾಡಗಳ ಮಾರ್ಗವಾಗಿ ಜೊಯಿಡಾಕ್ಕೆ ಬರುವ ವಾಹನವು ಕರಾವಳಿಯ ಮಟ್ಟದಿಂದ ಘಟ್ಟದ ತಿರುವುಗಳನ್ನು ಏರಿಯೇ ಬರಬೇಕು. ಮುಖ್ಯ ರಸ್ತೆಯನ್ನು ಬಿಟ್ಟು ಕಾಡಿನ ನಡುವಣ ಹಳ್ಳಿಗಳತ್ತ ತಿರುಗಿದರೆ ಕೆಮ್ಮಣ್ಣಿನ ದಾರಿ, ಮಳೆನೀರು ಕೊರೆದ ಕೊರಕಲು, ಎದ್ದುನಿಂತ ಕಲ್ಲು ಇವುಗಳು ಎದುರಾಗುತ್ತವೆ. ಇಂಥಲ್ಲಿ ಕಾರಿನ ತಳವು ನೆಲಕ್ಕೆ ತಾಗದಂತೆ ಅದನ್ನು ಎತ್ತರಿಸಬೇಕೆಂಬ ಬಯಕೆ ಸಹಜವೇ ಆಗಿದೆ. ಆದರೆ ಹಾಗೆ ಪಡೆದ ಎತ್ತರಕ್ಕೆ ಪ್ರತಿಯಾಗಿ ಏನನ್ನು ತೆರಬೇಕಾಗುವುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ನಾವು ಉದ್ದೇಶಿಸಿದ್ದೇವೆ.

ಶಾಕ್ ಅಬ್ಸಾರ್ಬರಿನ ಸುತ್ತ ಸುರುಳಿ ಸ್ಪ್ರಿಂಗನ್ನು ಕೂಡಿಸಿದ ರಚನೆ ನಮ್ಮ ದೇಶಕ್ಕೆ ಹೊಸದಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನ ಮುಂಚಕ್ರಗಳಿಗೆ ಇದ್ದ ಮ್ಯಾಕ್‌ಫರ್ಸನ್ ಸ್ಟ್ರಟ್ ಇದೇ ಬಗೆಯದು. ಅಲ್ಲಿ ಸ್ಪ್ರಿಂಗಿನ ಕೆಳಪೀಠವು ಸ್ಥಿರ. ಹೊಂದಿಸಬಹುದಾದ ಕಾಯಿಲ್‌ಓವರಿನಲ್ಲಾದರೋ ಕೊಳವೆಯ ಹೊರಮೈಗೆ ತಿರುಪು ಕೊರೆದಿದ್ದು, ಪೀಠವು ಒಂದು ಉಂಗುರದ ರೂಪದಲ್ಲಿ ಅದರ ಮೇಲೆ ಏರಿಳಿಯುತ್ತದೆ. ಅದು ಸಡಿಲವಾಗದಂತೆ ಕೆಳಗೊಂದು ಬಿಗಿಯುಂಗುರವಿರುತ್ತದೆ.

ಪೀಠವನ್ನು ಮೇಲೆ ತಿರುಗಿಸಿದರೆ ಸ್ಪ್ರಿಂಗು ಗಡುಸಾಗುವುದೆಂದು ಹಲವರು ಭಾವಿಸುತ್ತಾರೆ. ಇದು ಸರಿಯಲ್ಲ. ಒಂದು ಉದಾಹರಣೆಯನ್ನು ಪರಿಶೀಲಿಸೋಣ. ಒಂದು ಸ್ಪ್ರಿಂಗು ಮಿಲಿಮೀಟರ್ ಒಂದಕ್ಕೆ 3 ಕಿಲೋಗ್ರಾಂ ಭಾರವನ್ನು ತಡೆಯುವುದೆಂದೂ, ಅದರ ಮೇಲೆ 240 ಕಿಲೋಗ್ರಾಂ ಭಾರವಿದೆಯೆಂದೂ ಇಟ್ಟುಕೊಳ್ಳೋಣ. ಅದು 80 ಮಿಲಿಮೀಟರ್ ಕುಗ್ಗುತ್ತದೆ. ಪೀಠವು ಎಲ್ಲಿದ್ದರೂ ಭಾರ ಬದಲಾಗದಿರುವುದರಿಂದ ಕುಗ್ಗುವಿಕೆಯೂ ಅಷ್ಟೇ. ಬದಲಾಗುವುದು ಶಾಕ್ ಅಬ್ಸಾರ್ಬರಿನ ಚಲನೆಯ ಹಂಚಿಕೆ ಮಾತ್ರ.

ಆ ಚಲನೆ ಒಟ್ಟು 160 ಮಿಲಿಮೀಟರ್ ಇದ್ದು, ಕಾರು ನಿಂತಾಗ ಮೇಲಕ್ಕೆ 80, ಕೆಳಕ್ಕೆ 80 ಎಂದು ಹಂಚಿದೆಯೆನ್ನೋಣ. ಪೀಠವನ್ನು 30 ಮಿಲಿಮೀಟರ್ ಏರಿಸಿದರೆ ಮೇಲಕ್ಕೆ 110 ದೊರೆತು, ಕೆಳಕ್ಕೆ 50 ಮಾತ್ರ ಉಳಿಯುವುದು. ಅದಕ್ಕಿಂತ ಆಳವಾದ ಗುಂಡಿಯಲ್ಲಿ ಚಕ್ರವು ನೆಲವನ್ನು ಬಿಟ್ಟು ತೂಗಾಡುತ್ತದೆ; ನೆಲ ಬಿಟ್ಟ ಚಕ್ರವು ಎಳೆಯಲಾರದು, ತಡೆಯಲಾರದು. ಪೀಠವನ್ನು 30 ಮಿಲಿಮೀಟರ್ ಇಳಿಸಿದರೆ ಕೆಳಕ್ಕೆ 110 ದೊರೆಯುವುದಾದರೂ ಸ್ಪ್ರಿಂಗು ಹಿಗ್ಗಬಲ್ಲುದು 80 ಮಾತ್ರ. ಉಳಿದ 30ರಲ್ಲಿ ಅದು ಪೀಠದಿಂದ ಕಳಚಿ ಸಡಿಲಾಗುವ ಅಪಾಯವಿದೆ. ಕೊಳವೆಯ ಬುಡವನ್ನೇ ತಿರುಗಿಸಿ ಒಟ್ಟು ಉದ್ದವನ್ನು ಬದಲಿಸುವ ಇನ್ನೊಂದು ಬಗೆಯಲ್ಲಿ ಈ ಹಂಚಿಕೆ ಕೆಡುವುದಿಲ್ಲ. ಆದರೆ ಇಳಿಸಿದಾಗ ಟೈರು ಮಡ್‌ಗಾರ್ಡಿಗೆ ತಾಗದಂತೆಯೂ, ಏರಿಸಿದಾಗ ಬ್ರೇಕಿನ ಹೋಸ್ ಬಿಗಿಯದಂತೆಯೂ ನೋಡಿಕೊಳ್ಳಬೇಕು.

ಇನ್ನು ಕಾರ್ಯಕ್ರಮ. ಸಮತಟ್ಟಾದ ನೆಲದಲ್ಲಿ, ಟೈರುಗಳ ಗಾಳಿಯನ್ನು ಸರಿಪಡಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕು ಕಡೆಯೂ ಅಳೆದು ಬರೆದಿಡತಕ್ಕದ್ದು. ಬಳಿಕ ಜಾಕಿನಿಂದ ಎತ್ತಿ, ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಬೇಕು. ಜಾಕನ್ನು ಮಾತ್ರ ನಂಬಿ ಕೆಳಗೆ ಕೈಯಿಡಕೂಡದು. ತಿರುಪಿನ ಕೆಸರನ್ನು ಬ್ರಷ್ಷಿನಿಂದ ತೆಗೆದು, ಬಿಗಿಯುಂಗುರವನ್ನು ಸಡಿಲಿಸಿ, ಒಂದೇ ಅಚ್ಚಿನ ಎರಡು ಬದಿಗಳಲ್ಲಿಯೂ ಸಮನಾಗಿ ಪೀಠವನ್ನು ತಿರುಗಿಸಬೇಕು. ತಿರುಪಿನ ಅಂತರ 2 ಮಿಲಿಮೀಟರ್ ಇದ್ದಲ್ಲಿ ಐದು ಸುತ್ತಿಗೆ ಪೀಠವು 10 ಮಿಲಿಮೀಟರ್ ಏರುವುದು. ಸ್ಟ್ರಟ್ ಇರುವ ಕಾರಿನಲ್ಲಿ ದೇಹವೂ ಹೆಚ್ಚುಕಡಮೆ ಅಷ್ಟೇ ಏರುತ್ತದೆ. ಸ್ಪ್ರಿಂಗು ಚಕ್ರದಿಂದ ಒಳಗೆ ಸರಿದಿದ್ದರೆ ಇನ್ನೂ ಹೆಚ್ಚು. ಉಂಗುರವನ್ನು ಬಿಗಿದು, ಕಾರನ್ನು ಇಳಿಸಿ, ತುಸು ದೂರ ಹಿಂದೆ ಮುಂದೆ ಓಡಿಸಿದ ಮೇಲೆಯೇ ಪುನಃ ಅಳೆಯಬೇಕು. ಎತ್ತರ ಬದಲಾದರೆ ಚಕ್ರಗಳ ಓರೆಯೂ ಹೆಡ್‌ಲೈಟಿನ ದಿಕ್ಕೂ ಬದಲಾಗುವುದರಿಂದ ಅವೆರಡನ್ನೂ ಸರಿಪಡಿಸಿಕೊಳ್ಳುವುದು ಅವಶ್ಯ.

ಅಳತೆಯನ್ನು ಖಾಲಿ ಕಾರಿನಲ್ಲಿ ಮಾತ್ರ ನೋಡಿದರೆ ಸಾಲದು. ಮೇಲಿನ ಸ್ಪ್ರಿಂಗಿನ ಮೇಲೆ ಜನ, ಸಾಮಾನು ಸೇರಿ 60 ಕಿಲೋಗ್ರಾಂ ಹೆಚ್ಚಿದರೆ ಕಾರು 20 ಮಿಲಿಮೀಟರ್ ಕುಸಿಯುತ್ತದೆ. ಹಳ್ಳಿಯಿಂದ ರೋಗಿಯನ್ನು ಆಸ್ಪತ್ರೆಗೆ ಒಯ್ಯುವ ಕಾರು ಖಾಲಿಯಾಗಿ ಹೋಗುವುದಿಲ್ಲ. ತಳವು ಕಲ್ಲಿಗೆ ಬಡಿದು ಎಂಜಿನಿನ ಎಣ್ಣೆ ಸೋರಿಹೋದರೆ ಸಮೀಪದಲ್ಲಿ ಕಾರ್ಯಾಗಾರವಿರಲಾರದು. ಅದೇ ಕಾರು ಅಣಶಿಯ ತಿರುವುಗಳಲ್ಲಿ ಇಳಿಯುವಾಗ ಎತ್ತರಿಸಿದ ಗುರುತ್ವಕೇಂದ್ರವು ಹೊರಚಕ್ರಗಳ ಮೇಲೆ ಹೆಚ್ಚು ಭಾರ ಹಾಕುತ್ತದೆ. ಆದುದರಿಂದ ಎಷ್ಟು ಸಾಧ್ಯವೋ ಅಷ್ಟು ಎತ್ತರಿಸುವುದು ವಿವೇಕವಲ್ಲ. ಪೂರ್ಣ ಭಾರ ಹೊತ್ತಾಗ ತಳವು ದಾರಿಯ ಕಲ್ಲನ್ನು ದಾಟಲು ಎಷ್ಟು ಬೇಕೋ ಅಷ್ಟನ್ನೇ ಏರಿಸುವುದು ಸಾಧು. ತಯಾರಕರು ಗೊತ್ತುಪಡಿಸಿದ ವಿವರಗಳನ್ನು ವ್ಯತ್ಯಾಸಗೊಳಿಸುವ ಮಾರ್ಪಾಡುಗಳನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣವು ನಿರ್ಬಂಧಿಸುವುದರಿಂದ, ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡು ಈ ಕೆಲಸಕ್ಕೆ ತೊಡಗುವುದು ಉಚಿತವೆಂದು ನಮ್ಮ ಅಭಿಪ್ರಾಯ.