ಬಾಲ ಇರೋ 'ಕಪ್ಪೆ' ಡಾರ್ಜಿಲಿಂಗ್‌ನಲ್ಲಿದೆ, ನಮ್ಮ ಕೆರೇಲಿ ಯಾಕಿಲ್ಲ?

ನೋಡೋಕೆ ಹಲ್ಲಿ ಥರ, ಹಾವುರಾಣಿ ಥರ. ಆದರೆ ಮೈಮೇಲೆ ಹುರುಪೆ ಇಲ್ಲ, ಬದುಕು ಕಪ್ಪೆಯದ್ದೇ. ಇದರ ಹೆಸರು ನ್ಯೂಟ್. ಕಪ್ಪೆಗಳ ಹಾಗೆ ನೀರು, ನೆಲ ಎರಡರಲ್ಲೂ ಬಾಳುವ ಪ್ರಾಣಿ. ದೊಡ್ಡದಾದ ಮೇಲೂ ಇದರ ಬಾಲ ಉದುರುವುದಿಲ್ಲ, ಅಷ್ಟೇ.

ಕರ್ನಾಟಕದಲ್ಲಿ ನ್ಯೂಟ್ ಇಲ್ಲ. ಇದು ಭೂಮಿಯ ಉತ್ತರ ಭಾಗದ ತಂಪು ಪ್ರದೇಶಗಳ ವಂಶ. ಭಾರತದಲ್ಲಿ ಪೂರ್ವ ಹಿಮಾಲಯ ಮತ್ತು ಈಶಾನ್ಯ ರಾಜ್ಯಗಳ ಬೆಟ್ಟಗಳಲ್ಲಿ ಮಾತ್ರ ಸಿಗುತ್ತದೆ. ಪಶ್ಚಿಮ ಬಂಗಾಳದ ಡಾರ್ಜಿಲಿಂಗ್ ಜಿಲ್ಲೆಯ ಸುಖಿಯಾಪೋಖ್ರಿ ಹತ್ತಿರ ಜೋರ್‌ಪೋಖ್ರಿ ಅನ್ನೋ ಪುಟ್ಟ ವನ್ಯಧಾಮ ಹೆಸರಾಗಿರುವುದೇ ಈ ಪ್ರಾಣಿಯಿಂದ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದಕ್ಕಿದೆ.

ಎಂಥ ಹೊಂಡ ಬೇಕು?

ನೀರು ನಿಂತಿರಬೇಕು, ಹೆಚ್ಚು ಆಳ ಬೇಡ. ಒಳಗೆ ಜೊಂಡು, ಹುಲ್ಲು, ಪಾಚಿ ಇರಬೇಕು. ಮಳೆ ಶುರುವಾದಾಗ ನ್ಯೂಟ್ ಹೊಂಡಕ್ಕಿಳಿದು ಈ ಗಿಡಗಳಿಗೇ ಮೊಟ್ಟೆ ಅಂಟಿಸುತ್ತದೆ. ಮರಿಗಳಿಗೆ ತಲೆಯ ಪಕ್ಕ ಗರಿಯಂಥ ಕಿವಿರು ಇರುತ್ತೆ, ನೀರಿನ ಸಣ್ಣ ಹುಳ ತಿಂದು ಬೆಳೆಯುತ್ತವೆ.

ಮಳೆಗಾಲ ಮುಗಿದ ಮೇಲೆ ವಾಸ ನೆಲದ ಮೇಲೆ. ಕಲ್ಲಿನ ಸಂದಿ, ತರಗೆಲೆ, ಕೊಳೆತ ಮರದ ದಿಮ್ಮಿಯ ಅಡಿ. ಚರ್ಮದಿಂದಲೂ ಉಸಿರಾಡುವ ಕಾರಣ ಮೈ ಒಣಗಬಾರದು. ಹಾಗಾಗಿ ಹೊಂಡ ಉಳಿಸಿ ಸುತ್ತಲಿನ ಕಾಡು ಕಡಿದರೆ ಪ್ರಯೋಜನ ಇಲ್ಲ. ಎರಡೂ ಒಟ್ಟಿಗೇ ಬೇಕು.

ಮೀನು ಬಿಟ್ಟರೆ ಕಷ್ಟ

ಹೊಂಡಕ್ಕೆ ಮೀನು ಬಂತು ಅಂದ್ರೆ ಮೊಟ್ಟೆ, ಮರಿ ಎರಡಕ್ಕೂ ಕುತ್ತು. ಬೇಸಿಗೇಲಿ ಬತ್ತುವ ಹೊಂಡದಲ್ಲಿ ಮೀನು ನಿಲ್ಲಲ್ಲ, ಆದ್ದರಿಂದ ಅಲ್ಲಿ ಮರಿಗಳು ಉಳಿಯುತ್ತವೆ. ಆದರೆ ಮರಿ ಬಲಿಯುವ ಮೊದಲೇ ನೀರು ಬತ್ತಿದರೆ ಅದೂ ಸಾವೇ. ದಂಡೆಗೆ ನೇರ ಸಿಮೆಂಟ್ ಗೋಡೆ ಕಟ್ಟಿದರೆ ಹತ್ತಿ ಹೊರಬರಲು ದಾರಿ ಇರಲ್ಲ.

ನಮಗೇನು ಸಂಬಂಧ?

ನಮ್ಮ ಕಪ್ಪೆಗಳಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಮೊದಲ ಮಳೆಗೆ ದೊಡ್ಡ ಕೆರೆಗಿಂತ ರಸ್ತೆ ಪಕ್ಕದ ಗುಂಡಿ, ಗದ್ದೆ ಬದಿಯ ನೀರಿನಲ್ಲೇ ವಟಗುಟ್ಟುವ ಸದ್ದು ಜೋರಾಗಿರುವುದಕ್ಕೆ ಒಂದು ಕಾರಣ, ಅಲ್ಲಿ ಮೀನಿಲ್ಲ. ಸೊಳ್ಳೆ ತಡೆಯಲು ಬಿಡುವ ಗಾಂಬೂಸಿಯಾ ಮೀನು ಸೊಳ್ಳೆ ಮರಿ ಜೊತೆಗೆ ಕಪ್ಪೆ ಮೊಟ್ಟೆ, ಗೊದಮೊಟ್ಟೆಯನ್ನೂ ಬಿಡಲ್ಲ. ಗದ್ದೆಯ ಹುಳ ತಿಂದು ರೈತರ ಕೆಲಸ ಹಗುರ ಮಾಡೋದು ಇದೇ ಕಪ್ಪೆ.

ಹಾಗಾಗಿ ಊರಿನ ಕಟ್ಟೆ, ಕಲ್ಯಾಣಿ ರಿಪೇರಿಗೆ ತೆಗೆದುಕೊಂಡಾಗ ಒಂದು ಬದಿಯಾದರೂ ಇಳಿಜಾರು ಮಣ್ಣಿನ ದಂಡೆ, ಸ್ವಲ್ಪ ಜೊಂಡು ಬಿಡಲು ಹೇಳಿ. ಸುಮ್ಮನೆ ನೀರು ನಿಲ್ಲುವ ಸಣ್ಣ ಗುಂಡಿಗೆ ಮೀನು ತಂದು ಸುರಿಯಬೇಡಿ. ಇದಕ್ಕೆ ಖರ್ಚೇನೂ ಇಲ್ಲ.