ಒಂದೇ ಕೀಬೋರ್ಡ್, ಎರಡು ಕಂಪ್ಯೂಟರ್

ಮಕ್ಕಳೇ, ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂದು ಕೀಬೋರ್ಡ್ ಕೆಟ್ಟರೆ ಏನು ಮಾಡ್ತೀರಿ? ಪರದೆ ಸರಿ ಇದೆ, ಕಂಪ್ಯೂಟರೂ ಸರಿ ಇದೆ. ಆದರೂ ಅದು ಮೂಲೆ ಸೇರುತ್ತದೆ, ಅಲ್ವಾ? ಪಕ್ಕದ ಕಂಪ್ಯೂಟರಿನ ಕೀಬೋರ್ಡ್, ಮೌಸಿನಿಂದಲೇ ಅದನ್ನೂ ನಡೆಸಬಹುದು. ಹೇಗೆ ಅಂತ ನೋಡೋಣ.

ಒಂದು ದಾರಿ ಕೆವಿಎಂ ಸ್ವಿಚ್. ಕೀಬೋರ್ಡ್, ವಿಡಿಯೊ, ಮೌಸ್ ಎಂಬ ಮೂರು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು ಸೇರಿ ಈ ಹೆಸರು ಬಂದಿದೆ. ಇದೊಂದು ಚಿಕ್ಕ ಪೆಟ್ಟಿಗೆ. ಎರಡು ಕಂಪ್ಯೂಟರುಗಳ ವಯರುಗಳನ್ನು ಇದಕ್ಕೆ ಜೋಡಿಸಬೇಕು. ಗುಂಡಿ ಒತ್ತಿದರೆ ಒಂದೇ ಕೀಬೋರ್ಡ್, ಮೌಸ್, ಪರದೆ ಇನ್ನೊಂದು ಕಂಪ್ಯೂಟರಿಗೆ ಬದಲಾಗುತ್ತವೆ.

ಇನ್ನೊಂದು ದಾರಿಗೆ ಪೆಟ್ಟಿಗೆ ಬೇಡ, ತಂತ್ರಾಂಶ ಸಾಕು. 2001ರಲ್ಲಿ ಬಂದ ಸಿನರ್ಜಿ ಇಂಥದ್ದು. ಅದರಿಂದ ಕವಲೊಡೆದು ಬಂದ ಬ್ಯಾರಿಯರ್, ಇನ್‌ಪುಟ್ ಲೀಪ್ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶಗಳು. ಒಂದು ಕಂಪ್ಯೂಟರಿನಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಇದ್ದರೂ ನಡೆಯುತ್ತದೆ.

ಎರಡೂ ಕಂಪ್ಯೂಟರುಗಳು ಒಂದೇ ನೆಟ್‌ವರ್ಕಿನಲ್ಲಿರಬೇಕು. ಕೀಬೋರ್ಡ್ ಇರುವುದು ಸರ್ವರ್, ಇನ್ನೊಂದು ಕ್ಲೈಂಟ್. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅಂತ ಮೊದಲೇ ಹೇಳಿಡಬೇಕು. ಮೌಸಿನ ಬಾಣ ಸರ್ವರ್ ಪರದೆಯ ಬಲ ಅಂಚು ದಾಟಿತು ಅನ್ನಿ. ಆಗ ಅದು ಪಕ್ಕದ ಪರದೆಯ ಎಡ ಅಂಚಿನಲ್ಲಿ ಕಾಣಿಸಿಕೊಳ್ಳುತ್ತದೆ! ನಿಜಕ್ಕೂ ಬಾಣ ಹಾರಿ ಹೋಗುವುದಿಲ್ಲ. 'ಮೌಸ್ ಇಷ್ಟು ಸರಿಯಿತು', 'ಈ ಕೀಲಿ ಒತ್ತಿದರು', 'ಬಿಟ್ಟರು' ಎಂಬ ಪುಟ್ಟ ಸಂದೇಶಗಳು ಮಾತ್ರ ಹೋಗುತ್ತವೆ. ಕ್ಲೈಂಟ್ ಅವನ್ನು ತನ್ನದೇ ಕೀಬೋರ್ಡಿನಿಂದ ಬಂದವು ಎಂಬಂತೆ ನಡೆಸುತ್ತದೆ. ಪರದೆಯ ಚಿತ್ರ ಕಳಿಸುವ ಕೆಲಸವಿಲ್ಲ. ಹಾಗಾಗಿ ಎರಡು ಕಂಪ್ಯೂಟರಿಗೂ ಬೇರೆ ಬೇರೆ ಪರದೆ ಬೇಕೇ ಬೇಕು. ಇಲ್ಲಿ ಕಾಪಿ ಮಾಡಿದ ಬರಹವನ್ನು ಅಲ್ಲಿ ಪೇಸ್ಟ್ ಮಾಡಲೂ ಬಹುದು.

ಮಿತಿಗಳೂ ಇವೆ. ಒಂದೇ ಕೀಬೋರ್ಡಿನಿಂದ ಇಬ್ಬರು ಒಟ್ಟಿಗೆ ಕೆಲಸ ಮಾಡಲಾಗದು. ತಂತ್ರಾಂಶ ಹಾಕುವಾಗ ಕ್ಲೈಂಟಿಗೂ ಒಮ್ಮೆ ಕೀಬೋರ್ಡ್, ಮೌಸ್ ಸಿಕ್ಕಿಸಬೇಕು. ಕಂಪ್ಯೂಟರ್ ಆನ್ ಆಗುತ್ತಿರುವಾಗ ತಂತ್ರಾಂಶ ಇನ್ನೂ ಶುರುವಾಗಿರುವುದಿಲ್ಲ. ಆಗ ಕೆವಿಎಂ ಪೆಟ್ಟಿಗೆಯೇ ಗತಿ.

ಮುಖ್ಯವಾದ ಮಾತು ಇನ್ನೊಂದಿದೆ. ನೀವು ಒತ್ತುವ ಪಾಸ್‌ವರ್ಡ್ ಕೂಡ ನೆಟ್‌ವರ್ಕಿನಲ್ಲೇ ಹೋಗುತ್ತದೆ. ಅದನ್ನು ಗೂಢಲಿಪಿಯಾಗಿ ಕಳಿಸದಿದ್ದರೆ ಅದೇ ನೆಟ್‌ವರ್ಕಿನಲ್ಲಿರುವ ಬೇರೆಯವರು ಕದ್ದು ಓದಬಹುದು. ಆದ್ದರಿಂದ ಎಸ್‌ಎಸ್‌ಎಲ್ ಎಂಬ ಆಯ್ಕೆಯನ್ನು ಆನ್ ಮಾಡಿಯೇ ಇಡಿ.

ನಿಮ್ಮ ಟೀಚರನ್ನು ಕೇಳಿ, ಅವರ ಜೊತೆ ಮಾಡಿ ನೋಡಿ. ಬಾಣ ಪಕ್ಕದ ಪರದೆಯಲ್ಲಿರುವಾಗ ನೆಟ್‌ವರ್ಕ್ ಕೇಬಲ್ ಕಿತ್ತರೆ ಏನಾಗುತ್ತೆ? ಮೊದಲು ಊಹಿಸಿ ಬರೆದಿಡಿ, ಆಮೇಲೆ ಕೀಳಿ!