ಪದವಿನ ಖಾಲಿ ಜಾಗ ನಿಜಕ್ಕೂ ಖಾಲಿಯೇ?

ಕಾಸರಗೋಡು ಕಡೆ ಗುಡ್ಡೆ ಹತ್ತಿದರೆ ಸಿಗುವುದು ಪದವು. ಮರ ಕಡಿಮೆ, ಎಲ್ಲೆಲ್ಲೂ ಮುರಕಲ್ಲಿನ ಹಾಸು. ಹೊರಗಿನಿಂದ ಬಂದವರಿಗೆ ಅದು ಬರಡು ನೆಲ. ಕಾಗದಪತ್ರಗಳಲ್ಲಿಯೂ ಅದಕ್ಕೆ ಹೆಚ್ಚಾಗಿ 'ಖಾಲಿ ಜಾಗ' ಎಂದೇ ಹೆಸರು. ಆದರೆ ನಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಮಾಡಿಗೆ ಹೊದೆಸಲು ಮುಳಿಹುಲ್ಲು ತಂದದ್ದು ಅಲ್ಲಿಂದ, ದನ ಮೇಯಿಸಿದ್ದು ಅಲ್ಲಿ, ಮಳೆಗಾಲದಲ್ಲಿ ತುಂಬುವ ಪಳ್ಳ ಇರುವುದೂ ಅಲ್ಲಿಯೇ. ಪದವಿನ ಮೇಲೆ ಬಿದ್ದ ಮಳೆ ಮುರಕಲ್ಲಿನ ತೂತುಗಳಲ್ಲಿ ನಿಧಾನವಾಗಿ ಇಳಿದು, ಕೆಳಗಿನ ತೋಟಗಳ ಸುರಂಗದಲ್ಲಿ ಜಿನುಗುತ್ತದೆ. ಮೇಲೆ ಕಲ್ಲು ಕಡಿದು ಸಾಗಿಸಿದರೆ ಕೆಳಗೆ ಸುರಂಗದ ನೀರು ಕಡಿಮೆಯಾಗುತ್ತದೆ. ಇನ್ನು ಸಂಜೆಯಾದರೆ ಹುಡುಗರ ಕ್ರಿಕೆಟ್ಟು, ವಾಲಿಬಾಲು. ಇಷ್ಟೆಲ್ಲ ನಡೆಯುವ ಜಾಗ ಖಾಲಿ ಆದದ್ದು ಹೇಗೆ?

ಕೇಳುವವರು ಇಲ್ಲದೆ ಆದದ್ದು ಎಂದು ನಮಗನಿಸುತ್ತದೆ. ಕೇಳಲು ಜಾಗ ಇಲ್ಲವೆಂದಲ್ಲ. 1996ರ ಆಗಸ್ಟ್ 17ರಂದು ಕೇರಳದಲ್ಲಿ ಜನಕೀಯಾಸೂತ್ರಣ ಆರಂಭವಾದಾಗ ರಾಜ್ಯದ ಯೋಜನಾ ಹಣದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡುವ ತೀರ್ಮಾನವಾಗಿತ್ತು. ಆ ಹಣದಿಂದ ಏನಾಗಬೇಕು ಎಂಬ ಮಾತು ಮೊದಲು ಏಳಬೇಕಾದದ್ದು ವಾರ್ಡಿನ ಗ್ರಾಮಸಭೆಯಲ್ಲಿ. 1994ರ ಪಂಚಾಯತ್‌ರಾಜ್ ಕಾನೂನಿನಂತೆ ಈ ಸಭೆ ಮೂರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಮತದಾರರಲ್ಲಿ ಹತ್ತನೇ ಒಂದು ಪಾಲು ಜನ ಹಾಜರಿರಬೇಕು. 1,200 ಮತದಾರರ ವಾರ್ಡಾದರೆ 120 ಜನ. ಸತತ ಎರಡು ಬಾರಿ ಸಭೆ ಕರೆಯದ ಮೆಂಬರರಿಗೆ ಸದಸ್ಯತ್ವವೇ ಹೋಗಬಹುದು.

ಸಭೆಗೆ ಹೋಗದ ನಮಗೆ ಮಾತ್ರ ಯಾವ ಶಿಕ್ಷೆಯೂ ಇಲ್ಲ! ಹೋದರೂ ನಾವು ಮಾಡುವುದೇನು? ಆಡು, ಕೋಳಿ, ಮನೆ ರಿಪೇರಿಯ ಪಟ್ಟಿಯಲ್ಲಿ ಹೆಸರು ಇದೆಯೇ ಎಂದು ನೋಡಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಚಾ ಕುಡಿದು ಮನೆಗೆ. ನಾವೂ ಹಲವು ವರ್ಷ ಹಾಗೆಯೇ ಬಂದವರು.

ಒಮ್ಮೆ ಮಾತ್ರ ಬೇರೆಯಾಯಿತು. ಪದವಿನಲ್ಲಿ ಒಂದು ಕಟ್ಟಡ ಬರಲಿದೆ ಎಂದು ಸ್ಕೆಚ್ ತೋರಿಸಿದರು. ಮಾತೆಲ್ಲ ಮಲಯಾಳದಲ್ಲಿ. ಹಿಂದಿನ ಬೆಂಚಿನಲ್ಲಿದ್ದ ಅಜ್ಜಿಯೊಬ್ಬರು ಪಕ್ಕದ ಹುಡುಗಿಯಿಂದ ಅರ್ಥ ಕೇಳಿಕೊಂಡು ಎದ್ದು ನಿಂತರು. "ನೀವು ಗೆರೆ ಹಾಕಿದ್ದು ಪಳ್ಳದ ಮೇಲೆ. ಆಟಿಯಲ್ಲಿ ಬಂದು ನೋಡಿದ್ದೀರಾ? ಸೊಂಟದವರೆಗೆ ನೀರು ಉಂಟು." ಕೆಲವರು ನಕ್ಕರು. ಅಧಿಕಾರಿ ನಗಲಿಲ್ಲ, ಬರೆದುಕೊಂಡರು. ಅವರು ಸ್ಥಳ ನೋಡಲು ಬಂದದ್ದು ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಪಳ್ಳ ಒಂದು ಒಣ ತಗ್ಗು ಅಷ್ಟೆ. ಮುಂದಿನ ಸಭೆಗೆ ಬಂದ ಸ್ಕೆಚ್ಚಿನಲ್ಲಿ ಕಟ್ಟಡ ರಸ್ತೆಯ ಬದಿಗೆ ಸರಿದಿತ್ತು. ಹುಡುಗರ ಆಟದ ಜಾಗದಲ್ಲಿ ಅರ್ಧ ಹೋಯಿತು, ಅದನ್ನೂ ಹೇಳಬೇಕು. ಆಡುವ ಹುಡುಗರಲ್ಲಿ ಒಬ್ಬನೂ ಸಭೆಗೆ ಬಂದಿರಲಿಲ್ಲ.

ಭಾಷೆಯ ಸಂಗತಿ ಸಣ್ಣದಲ್ಲ. ನೋಟೀಸು ಮಲಯಾಳದಲ್ಲಿ ಮಾತ್ರ ಬಂದರೆ ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಸಭೆಯ ತಾರೀಕೇ ತಿಳಿಯುವುದಿಲ್ಲ. ಪಳ್ಳ, ತೋಡು, ಕಾಲುದಾರಿ ಎಲ್ಲಿತ್ತೆಂದು ಬಲ್ಲವರು ಅವರೇ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಿ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಆದ್ದರಿಂದ ಅರ್ಜಿಯನ್ನು ಕನ್ನಡದಲ್ಲಿ ಬರೆಯಲು ಸಂಕೋಚ ಬೇಡ.

ಬಾಯಿಮಾತಿಗಿಂತ ಬರಹ ಮುಖ್ಯ ಎನ್ನುವುದನ್ನು ನಾವು ತಡವಾಗಿ ಕಲಿತೆವು. ಗ್ರಾಮಸಭೆಯ ಸಲಹೆಯನ್ನು ಪಂಚಾಯತು ಪರಿಗಣಿಸಬೇಕು ಎಂದಿದೆ, ಒಪ್ಪಲೇಬೇಕು ಎಂದಿಲ್ಲ. ಹೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ಸಭೆ ಮುಗಿಯುವ ಮೊದಲೇ ಓದಿಸಿ ಕೇಳಬೇಕು. ಗದ್ದೆಯ ವಿಷಯವಾದರೆ ದಾರಿ ಬೇರೆ. 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾನೂನಿನಂತೆ ಪ್ರತಿ ಪಂಚಾಯತಿನಲ್ಲಿ ಒಂದು ನಿಗಾ ಸಮಿತಿ ಇರುತ್ತದೆ. ಪಂಚಾಯತು ಅಧ್ಯಕ್ಷರು, ಕೃಷಿ ಅಧಿಕಾರಿ, ವಿಲೇಜ್ ಆಫೀಸರರ ಜತೆ ಮೂವರು ರೈತರೂ ಅದರಲ್ಲಿದ್ದಾರೆ. ಯಾವುದು ಗದ್ದೆ, ಯಾವುದು ಜೌಗು ಎಂದು 'ಡಾಟಾ ಬ್ಯಾಂಕ್' ತಯಾರಿಸುವುದು ಈ ಸಮಿತಿ. ನಿಮ್ಮ ಊರಿನ ಆ ಮೂವರು ಯಾರೆಂದು ನಿಮಗೆ ಗೊತ್ತುಂಟೇ?

ಮಕ್ಕಳ ಮೈದಾನಕ್ಕಾಗಿ ಹೆತ್ತವರು ಹೋರಾಡಿದ್ದೂ ಉಂಟು. ಒಂದು ಸರಕಾರಿ ಎಲ್.ಪಿ. ಶಾಲೆಯ ಆಟದ ಬಯಲಿನಲ್ಲಿ ನೀರಿನ ಟ್ಯಾಂಕಿ ಕಟ್ಟಲು ಹೊರಟಾಗ ಅಲ್ಲಿನ ರಕ್ಷಕ-ಶಿಕ್ಷಕ ಸಂಘ ಹೈಕೋರ್ಟಿಗೆ ಹೋಯಿತು. ಶಾಲೆಗೆ ಆಟದ ಮೈದಾನ ಬೇಕೇ ಬೇಕು ಎಂದು 2024ರ ಏಪ್ರಿಲಿನಲ್ಲಿ ಕೋರ್ಟು ಹೇಳಿತು. ನೀರು ಬೇಡವೆಂದು ಯಾರೂ ಹೇಳಲಾರರು. ಟ್ಯಾಂಕಿ ಎಲ್ಲಿ ಎಂಬುದಷ್ಟೇ ಪ್ರಶ್ನೆ. ಅದನ್ನು ಊರಿನ ಸಭೆಯಲ್ಲೇ ಕುಳಿತು ತೀರಿಸಿದರೆ ಕೋರ್ಟಿನ ಖರ್ಚು, ವೈಮನಸ್ಸು ಎರಡೂ ಉಳಿಯುತ್ತದೆ.

ನಮ್ಮ ಪಳ್ಳದ ಹೆಸರು ಪಂಚಾಯತಿನ ಆಸ್ತಿ ಪಟ್ಟಿಗೆ ಇನ್ನೂ ಏರಿಲ್ಲ. ಕನ್ನಡದಲ್ಲಿ ಅರ್ಜಿ ಬರೆದಿಟ್ಟಿದ್ದೇವೆ, ಮಳೆಗಾಲದಲ್ಲಿ ತೆಗೆದ ಎರಡು ಫೋಟೋ ಲಗತ್ತಿಸಿದ್ದೇವೆ. ಈ ಸಲ ಹುಡುಗರೂ ಬರುತ್ತೇವೆ ಎಂದಿದ್ದಾರೆ. ಅಜ್ಜಿ ಆಗಲೇ ರಿಕ್ಷಾದವನಿಗೆ ಹೇಳಿಟ್ಟಾಗಿದೆ.